ಕೀಬೋರ್ಡಿನ ಮೇಲೆ ತಾಳ

ಕೂತಲ್ಲಿ ಕೂರುವುದು ನನಗೆ ಯಾವತ್ತೂ ಬಂದಿಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಹೊಸದುರ್ಗದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ, ಸಂಜೆ ಹುಡುಗಿಯರು ಬರುತ್ತಿದ್ದರು. ಮಧ್ಯಾಹ್ನ ನಾನು, ಫ್ಯಾನು, ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕರೆಂಟು. ಅಂಥ ಒಂದು ಮಧ್ಯಾಹ್ನ ಯಾರೋ ಬಿಟ್ಟುಹೋಗಿದ್ದ ಸಿ.ಡಿ. ಹಾಕಿ ನೋಡಿದಾಗ ಒಂದು ಆಟ ಸಿಕ್ಕಿತು.

ಆಟ ಹೇಳುವುದಕ್ಕೆ ಸುಲಭ. ಹಾಡು ಬರುತ್ತಿರುತ್ತದೆ, ಪರದೆಯ ಮೇಲಿನಿಂದ ನಾಲ್ಕು ಸಾಲಿನಲ್ಲಿ ಬಾಣಗಳು ಇಳಿಯುತ್ತವೆ. ಬಾಣ ಕೆಳಗಿನ ಗೆರೆಗೆ ತಾಗಿದ ಕ್ಷಣ ಆ ಸಾಲಿನ ಕೀ ಒತ್ತಬೇಕು. ಸರಿಯಾದರೆ ‘ಪರ್ಫೆಕ್ಟ್’, ತಡವಾದರೆ ‘ಲೇಟ್’, ತೀರಾ ತಪ್ಪಿದರೆ ಹಾಡೇ ನಿಂತುಬಿಡುತ್ತದೆ. ಟೈಪಿಂಗ್ ಟೀಚರಿಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಪಲ್ಲವಿ ಮುಗಿಯುವ ಮೊದಲೇ ಹಾಡು ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಪರದೆ ತುಂಬ ಲೇಟ್, ಲೇಟ್. ಕೀಬೋರ್ಡನ್ನು ಬೈದು ಪಕ್ಕದ ಮೇಜಿನದನ್ನು ತಂದು ಸಿಕ್ಕಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಅಷ್ಟು ಸಿಟ್ಟು ಬರಲು ಹಳೆಯ ಕಾರಣವಿತ್ತು. ಹೊಳಲ್ಕೆರೆ ಕಡೆಯ ನಮ್ಮೂರಿನ ಹನುಮಪ್ಪನ ಗುಡಿಯಲ್ಲಿ ಶನಿವಾರ ಭಜನೆ. ಹಾಡುವವರು ಊರಿನ ಯಜಮಾನರು, ತಬಲ ನಮ್ಮಪ್ಪನದು. ಹಾಡುವವರನ್ನು ತಿದ್ದುವ ಪದ್ಧತಿ ಅಲ್ಲಿಲ್ಲ. ಹಾಡು ಎತ್ತ ಹೋದರೆ ತಾಳ ಅತ್ತ ಹೋಗಬೇಕು. ಚಿಕ್ಕವಳಿದ್ದಾಗ ನನ್ನ ಕೈಗೆ ಒಂದು ಜೊತೆ ಕಂಚಿನ ತಾಳ ಕೊಟ್ಟಿದ್ದರು. ಒಂದು ಶನಿವಾರ, ಹಾಡಿನ ನಡುವೆಯೇ, ಅಪ್ಪ ಕೈಚಾಚಿ ಅದನ್ನು ಕಿತ್ತುಕೊಂಡ. ‘ಓಡ್ತೀಯ. ನಿನಗೆ ತಾಳ ಇಲ್ಲ’ ಎಂದ. ಗುಡಿ ತುಂಬ ಜನ. ಆಮೇಲೆ ನಾನು ಯಾವ ಭಜನೆಗೆ ಕೂತರೂ ಪಕ್ಕದವರ ಚಪ್ಪಾಳೆ ಕೇಳಿದ ಮೇಲೇ ಚಪ್ಪಾಳೆ ತಟ್ಟುತ್ತಿದ್ದೆ.

ಆಟದಲ್ಲಿ ಮಾಡುತ್ತಿದ್ದದ್ದೂ ಅದೇ ತಪ್ಪು. ಹಾಡಿನ ಪೆಟ್ಟು ಕಿವಿಗೆ ಬೀಳಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಬಾಣ ಗೆರೆ ದಾಟಿರುತ್ತಿತ್ತು. ಇದು ಹೊಳೆಯಲು ಒಂದು ಬೇಸಿಗೆಯೇ ಬೇಕಾಯಿತು. ಹೊಳೆದ ಮೇಲೆ ಕೈಗೆ ಒಗ್ಗಿಸಲು ಇನ್ನಷ್ಟು ಕಾಲ. ನಿಧಾನದ ಹಾಡುಗಳಿಂದ ಶುರುಮಾಡಿದೆ. ಗೆರೆಯನ್ನು ದಿಟ್ಟಿಸುವುದು ಬಿಟ್ಟು, ಬಾಣಗಳು ಹುಟ್ಟಿ ಇಳಿದು ಬರುವ ನಡುದಾರಿಯ ಮೇಲೆ ಕಣ್ಣಿಟ್ಟೆ. ಟೈಪ್‌ರೈಟರಿನ ಕಾಲದಿಂದ ಬಂದಿದ್ದ, ಬೆರಳೆತ್ತಿ ಗುದ್ದುವ ಚಾಳಿ ಬಿಟ್ಟು ಬೆರಳುಗಳನ್ನು ಕೀಗಳ ಮೇಲೇ ಮಲಗಿಸಿದೆ. ಗಾಬರಿಯಾದಾಗ ಸಿಕ್ಕಸಿಕ್ಕ ಕೀ ಒತ್ತಿ ಮತ್ತಷ್ಟು ಕೆಡಿಸುತ್ತಿದ್ದೆ. ತಪ್ಪಿದ ಬಾಣವನ್ನು ಹೋಗಲು ಬಿಡುವುದನ್ನು ಕಲಿಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಹಾಳು ಮೊಣಕಾಲು ಮಾತ್ರ ಇಲ್ಲಿ ಉಪಕಾರಕ್ಕೆ ಬಂತು. ಅದು ಕುಣಿಯುವ ಲೆಕ್ಕಕ್ಕೆ ಸರಿಯಾಗಿ ಕೀ ಒತ್ತಿದರೆ ಪರದೆಯಲ್ಲಿ ಲೇಟ್ ಕಡಿಮೆಯಾಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಬಾಣಗಳೇ ಇಳಿಯುತ್ತಿದ್ದವು, ನಿದ್ದೆ ಕೆಟ್ಟಿತು. ಆಡಬೇಕಾದದ್ದು ಅಪ್ಪನ ಮುಂದೆ, ಬೇರೆ ಯಾರ ಮುಂದೆಯೂ ಅಲ್ಲ ಎಂದು ನನಗೆ ಗೊತ್ತಿತ್ತು.

ತಬಲಕ್ಕೆ ಚರ್ಮ ಹಾಕಿಸಲು ಅಪ್ಪ ಹೊಸದುರ್ಗಕ್ಕೆ ಬಂದ ದಿನ ಬಸ್ಸಿನ ಹೊತ್ತಾಗುವವರೆಗೆ ಸೆಂಟರಿನಲ್ಲಿ ಕೂರಿಸಿದೆ. ಸ್ಪೀಕರ್ ಜೋರು ಮಾಡಿ, ನನಗೆ ಬರುತ್ತಿದ್ದ ಹಾಡುಗಳಲ್ಲಿ ಎಲ್ಲಕ್ಕಿಂತ ವೇಗದ್ದನ್ನು ಹಾಕಿದೆ. ಕರೆಂಟಿಗೆ ಮನಸ್ಸಿನಲ್ಲೇ ಕೈಮುಗಿದೆ. ಹಾಡು ನಿಲ್ಲಲಿಲ್ಲ. ಕೊನೆಯ ಬಾಣ ಇಳಿದಾಗ ಪರದೆಯ ಮೇಲೆ ಒಂದೂ ಲೇಟ್ ಇರಲಿಲ್ಲ. ಅಪ್ಪ ಪರದೆಯನ್ನು ನೋಡಿಯೇ ಇರಲಿಲ್ಲ. ತಲೆ ತಗ್ಗಿಸಿ ನನ್ನ ಬೆರಳಿನ ಸದ್ದು ಕೇಳುತ್ತ, ತೊಡೆಯ ಮೇಲೆ ತಟ್ಟುತ್ತಿದ್ದ.

‘ನಿನ್ನ ತಾಳ ಅವತ್ತೂ ಸರೀನೇ ಇತ್ತು ಬಿಡು’ ಎಂದ.

ಕೈ ಕೀಗಳ ಮೇಲೇ ಉಳಿಯಿತು. ‘ಅಂಗಾರೆ ಯಾಕ್ ಕಿತ್ಕಂಡೆ?’

‘ಯಜಮಾನ್ರು ಹಾಡನ್ನ ಎಳೀತಿದ್ರು. ಅವರಿಗೆ ಹೇಳಾಕಾಗ್ತಿತ್ತಾ? ಯಾರಿಗಾದ್ರೂ ಹೇಳ್ಬೇಕಿತ್ತು, ನಿನಗೆ ಹೇಳಿದೆ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಜಮಾನರು ಈಗಿಲ್ಲ, ಆದ್ದರಿಂದ ಅಪ್ಪನಿಗೆ ಅದು ಯಾವತ್ತೋ ಮುಗಿದ ಮಾತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಉರಿಯಿತು. ಹಿಂದಿನ ಸಾಲಿನಲ್ಲಿ ಕೂತು ಇನ್ನೊಬ್ಬರ ಚಪ್ಪಾಳೆಗೆ ಕಾದ ಶನಿವಾರಗಳನ್ನೆಲ್ಲ ಅವನ ಮುಂದೆ ಸುರಿಯಬೇಕು ಅನ್ನಿಸಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಅಪ್ಪ ತಬಲದ ಗಂಟು ಎತ್ತಿಕೊಂಡ.

‘ಕುಂತ್ಕ. ಇನ್ನೊಂದು ಹಾಡು ಐತೆ’ ಎಂದೆ.

ಬಸ್ಸು ಹೋಗುತ್ತದೆ ಎಂದ. ಹೋಗಲಿ ಎಂದೆ. ಅಪ್ಪ ನನ್ನ ಮುಖ ನೋಡಿ, ಗಂಟು ಕೆಳಗಿಟ್ಟು ಕುಳಿತ. ನಾನು ಎಲ್ಲಕ್ಕಿಂತ ಉದ್ದದ ಹಾಡು ಹುಡುಕತೊಡಗಿದೆ.