ಬಿಸಿ ತುಂಡಿಗೆ ಹಾಕಿದ ಸಹಿ

ತಪ್ಪು ನನ್ನದೆಂದು ಮಾಲೀಕರೆದುರು ನಾನು ಹೇಳಲಿಲ್ಲ. ಅದರಿಂದ ಕೆಲಸ ಬಿಡಬೇಕಾಗಿ ಬಂದದ್ದು ನನ್ನ ತಮ್ಮನಿಗೆ.

ನಾನು ಓದಿದ್ದು ಹೊಸನಗರದಲ್ಲಿ, ಏಳನೇ ತರಗತಿವರೆಗೆ. ಸಾಗರದಲ್ಲಿ ಪಂಪಿನ ಶಾಫ್ಟು ತಯಾರಿಸುವ ಸಣ್ಣ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಸೇರಿ, ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿಯುವುದನ್ನು ನೋಡಿ ನೋಡಿ ಕಲಿತೆ. ಈಗ ಅಲ್ಲಿ ಸೀನಿಯರ್ ಇನ್‌ಸ್ಪೆಕ್ಟರ್. ತಮ್ಮನನ್ನು ಅಲ್ಲೇ ಉಕ್ಕು ಕಡೆಯುವ ಲೇತ್ ಯಂತ್ರದ ಕೆಲಸಕ್ಕೆ ಸೇರಿಸಿದವಳೂ ನಾನೇ.

ಲೇತಿನಲ್ಲಿ ಮೊದಲ ತುಂಡು ಆದ ಕೂಡಲೇ ನನ್ನ ಬಳಿ ಬರುತ್ತದೆ. ನಾನು ಅಳೆದು ಸಹಿ ಹಾಕಿದ ಮೇಲೆ ಉಳಿದದ್ದೆಲ್ಲ ಅದೇ ಸೆಟ್ಟಿಂಗಿನಲ್ಲಿ ಆಗುತ್ತದೆ. ಆದರೆ ಬಿಸಿ ಉಕ್ಕು ತುಸು ಹಿಗ್ಗಿರುತ್ತದೆ. ಕಲ್ಲಿನ ಮೇಜಿನ ಮೇಲಿಟ್ಟು, ಪೂರ್ತಿ ತಣಿದ ಮೇಲೆಯೇ ಅಳೆಯಬೇಕು.

ಕೆಲವು ವರ್ಷಗಳ ಹಿಂದೆ ಒಂದು ದಿನ ಆರ್ಡರ್ ಅವಸರದ್ದಿತ್ತು. "ಅಕ್ಕಾ, ಇನ್ನೂ ಬಿಸಿ ಇದೆ, ಒಂಚೂರು ಬಿಟ್ಟು ನೋಡು" ಎಂದ ತಮ್ಮ.

"ನಂಗೆ ಕಲಿಸ್ಬೇಡ" ಎಂದು ಅಳೆದು ಸಹಿ ಹಾಕಿದೆ. ಸಂಜೆ ಲಾರಿ ಬಂದಾಗ ಆಗಷ್ಟೇ ಲೇತಿನಿಂದ ಇಳಿದ ಒಂದೆರಡನ್ನು ಬಿಸಿಯಲ್ಲೇ ಅಳೆದು ಎಲ್ಲವನ್ನೂ ಕಳಿಸಿದೆ. ತಣಿದ ಮೇಲೆ ಎಲ್ಲವೂ ಅಳತೆಗಿಂತ ಸಣ್ಣ. ಇಡೀ ಲಾಟ್ ವಾಪಸ್ ಬಂತು.

"ಸೆಟ್ಟಿಂಗ್ ಯಾರ್ದು?" ಎಂದು ಮಾಲೀಕರು ಕೇಳಿದಾಗ, "ಲೇತಲ್ಲಿ ಇವ್ನೇ ಇದ್ದಿದ್ದು" ಎಂದೆ. ಏಳನೇ ಕ್ಲಾಸಿನವಳಿಗೆ ಈ ಕೆಲಸ ಕೊಟ್ಟಿದ್ದೇ ತಪ್ಪಾಯಿತು ಎನ್ನುತ್ತಾರೆಂಬ ಹೆದರಿಕೆ ನನಗೆ. ತಮ್ಮ ನನ್ನತ್ತ ಒಮ್ಮೆ ನೋಡಿ ಲೇತಿನ ಕಡೆಗೆ ಹೋದ. ಆ ವಾರವೇ ಅವನನ್ನು ಬಿಡಿಸಿದರು. ಅವನು ತೀರ್ಥಹಳ್ಳಿಯಲ್ಲಿ ಕಳೆ ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಸೇರಿದ.

ಮೊನ್ನೆ ಶಿವಮೊಗ್ಗದ ಒಂದು ವರ್ಕ್‌ಶಾಪಿನವರು ಅವನನ್ನು ಲೇತಿಗೆ ತೆಗೆದುಕೊಳ್ಳಬಹುದೇ ಎಂದು ನಮ್ಮ ಮಾಲೀಕರಿಗೆ ಫೋನ್ ಮಾಡಿದ್ದರು. "ಹುಡುಗ ಒಳ್ಳೆಯವ್ನೇ, ಸೆಟ್ಟಿಂಗ್ ಮಾತ್ರ ನಂಬಂಗಿಲ್ಲ" ಎಂದರು ಮಾಲೀಕರು, ನನ್ನೆದುರೇ.

ಅವರು ಫೋನ್ ಇಟ್ಟ ಮೇಲೆ ಎಲ್ಲ ಹೇಳಿದೆ. "ಇಷ್ಟು ವರ್ಷ ಎಂತ ಮಾಡ್ತಿದ್ದೆ ಮಾರಾಯ್ತಿ" ಎನ್ನುತ್ತ ಅವರು ಮತ್ತೆ ಅದೇ ನಂಬರಿಗೆ ಫೋನ್ ಮಾಡಿ, ತಪ್ಪು ಹುಡುಗನದಲ್ಲ ಎಂದರು. ನನ್ನ ಕೆಲಸದ ವಿಷಯ ಆಮೇಲೆ ನೋಡೋಣ ಎಂದು ನನಗೆ ಹೇಳಿದರು.

ಭಾನುವಾರ ತೀರ್ಥಹಳ್ಳಿಗೆ ಹೋದೆ. ತಮ್ಮ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿದ್ದ. "ಎಂತ ಅಕ್ಕ, ಇಲ್ಲಿಗೂ ಇನ್‌ಸ್ಪೆಕ್ಷನ್ನಾ? ನನ್ನ ಚಾ ಲೋಟ ಒಂದು ಅಳೀಬೇಡ" ಎಂದ.

ಮಾಲೀಕರಿಗೆ ಹೇಳಿದ್ದನ್ನು ಅವನಿಗೂ ಹೇಳಿದೆ. ಅವನು ಕೈಯ ಎಣ್ಣೆ ಒರೆಸಿಕೊಂಡ.

"ಅವತ್ತೇ ನೀನು ಹೇಳ್ತೀಯ ಅಂದ್ಕಂಡಿದ್ದೆ" ಎಂದ.

"ಹೇಳ್ಲಿಲ್ಲ ಕಣೋ. ನನ್ನ ಕೆಲ್ಸ ಉಳಿಸ್ಕಳಕ್ಕೆ ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು."