ಒಂದನೇ ತರಗತಿಯ ಹಿಂದಿನ ಕುರ್ಚಿ

ಊರವರ ಮಕ್ಕಳ ವಿಷಯ ಬಂದರೆ ಆಕೆಯ ಬಾಯಿಗೆ ತಡೆಯೇ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ತಾಯಿ ಯಾರಾದರೂ ‘ನಮ್ಮ ಮಗು ಈ ವರ್ಷ ಒಂದನೇ ಕ್ಲಾಸು’ ಎಂದು ಬಾಯಿತಪ್ಪಿ ಅಂದರೆ ಮುಗಿಯಿತು, ಇಳಿಯುವ ಸ್ಟಾಪು ದಾಟಿದರೂ ಆಕೆಯ ಪಾಠ ನಿಲ್ಲುತ್ತಿರಲಿಲ್ಲ. ಮಗುವಿಗೆ ಆ ಕೋಣೆ ಮೊದಲೇ ತೋರಿಸಿ, ಬಚ್ಚಲು ಎಲ್ಲಿದೆ ಅಂತ ತೋರಿಸಿ, ಹೊಸ ಟೀಚರ್ ನಗುವುದನ್ನು ಒಂದು ಸಲವಾದರೂ ನೋಡಲಿ, ಮೊದಮೊದಲು ಗೊತ್ತಿರುವವರು ಯಾರಾದರೂ ಒಬ್ಬರು ಕಣ್ಣೆದುರು ಇರಲಿ. ಕೇಳಿದವರು ‘ಎಷ್ಟೆಲ್ಲ ತಿಳ್ಕೊಂಡಿದೀರಿ ಮೇಡಂ’ ಎಂದು ತಲೆದೂಗುತ್ತಿದ್ದರು. ತಿಳಿದುಕೊಂಡಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಡಹುಟ್ಟಿದ ತಂಗಿ ಬಂದು ಇದೇ ಪ್ರಶ್ನೆ ಕೇಳಿದ ದಿನ ಆ ಮಹಾತಾಯಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಆಕೆ ಮೊದಲಿನಿಂದ ಸಂಶೋಧಕಿಯೇನಲ್ಲ. ಶಿಶುವಿಹಾರದ ಟೀಚರಾಗಿದ್ದವಳು. ಒಂದೇ ಕಾಂಪೌಂಡಿನೊಳಗೆ ಈ ಕಡೆ ಶಿಶುವಿಹಾರ, ಆ ಕಡೆ ಪ್ರಾಥಮಿಕ ಶಾಲೆ, ನಡುವೆ ನೀರು ಕುಡಿಯುವ ನಲ್ಲಿಗಳ ಸಾಲು. ವರ್ಷವಿಡೀ ಆಕೆಯ ಸೆರಗು ಹಿಡಿದು ತಿರುಗಿದ ಮಕ್ಕಳು ರಜೆ ಮುಗಿದ ಮೇಲೆ ನಲ್ಲಿ ದಾಟಿ ಆ ಕಡೆ ಹೋಗುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ಮರದ ತುಂಡುಗಳಲ್ಲಿ ಊರು ಕಟ್ಟಿ, ಆ ಊರಿನ ಜಗಳಗಳನ್ನೆಲ್ಲ ತಾವೇ ತೀರಿಸಿ ಬಾಯಿ ಹರಿಯುವಷ್ಟು ಮಾತಾಡುತ್ತಿದ್ದ ಅವೇ ಮಕ್ಕಳು ಅಲ್ಲಿ ಕೈಕಟ್ಟಿ, ಬಾಯ ಮೇಲೆ ಬೆರಳಿಟ್ಟು ಕೂತಿರುತ್ತಿದ್ದವು. ಕೆಲವು ಮಕ್ಕಳು ನಲ್ಲಿಯ ಹತ್ತಿರ ನಿಂತು ಇತ್ತ ನೋಡಿ ಅಳುತ್ತಿದ್ದವು.

ಒಂದು ದಿನ ತಡೆಯಲಾರದೆ ಒಂದನೇ ತರಗತಿಯ ಟೀಚರ ಮೇಲೆ ಎಗರಿಬಿದ್ದಳು. “ನಾವು ಬೆಳೆಸಿ ಕಳಿಸೋದು, ನೀವು ಚಿವುಟಿ ಹಾಕೋದು!” ಆ ಟೀಚರೂ ಬಿಡಲಿಲ್ಲ. “ನೀವು ವರ್ಷಪೂರ್ತಿ ಆಟ ಆಡಿಸಿ ಕಳಿಸ್ತೀರಿ. ಅವರನ್ನ ಹಿಡಿದು ಕೂರಿಸೋ ಕರ್ಮ ನಮ್ಮದು!” ಇಬ್ಬರೂ ಗಂಟಲು ಹರಿದುಕೊಂಡ ಮೇಲೆ ಗೊತ್ತಾದದ್ದೇನೆಂದರೆ, ಇಷ್ಟು ವರ್ಷ ಒಂದೇ ಗೇಟಿನಲ್ಲಿ ಬಂದು ಹೋಗುತ್ತಿದ್ದ ಈ ಇಬ್ಬರಲ್ಲಿ ಒಬ್ಬಳೂ ಇನ್ನೊಬ್ಬಳ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ.

ಆ ಜಗಳವೇ ಆಕೆಯ ತಲೆಗೆ ಹುಳ ಬಿಟ್ಟಿತು. ಸಂಜೆ ಕಾಲೇಜು ಸೇರಿದಳು, ಪದವಿಯ ಮೇಲೆ ಪದವಿ ಮಾಡಿದಳು, ಮದುವೆಯ ಮಾತೆತ್ತಿದವರನ್ನು ಬಾಗಿಲಿನಿಂದಲೇ ಸಾಗಹಾಕಿದಳು, ಕೊನೆಗೆ ಒಂದು ಶಿಕ್ಷಣ ಸಂಶೋಧನಾ ಕೇಂದ್ರಕ್ಕೆ ಬಂದು ಸೇರಿದಳು. ಆಕೆಯ ಯೋಜನೆ ನೋಡಲು ಬಹಳ ಸರಳ. ರಜೆಗೆ ಮುಂಚೆ ಪುಟ್ಟ ಮಕ್ಕಳು ಒಂದನೇ ತರಗತಿಯ ಕೋಣೆಗೆ ಹೋಗಿ ಆಡಿ ಬರಬೇಕು, ಆ ಟೀಚರ್ ಇಲ್ಲಿಗೆ ಬಂದು ನೆಲದ ಮೇಲೆ ಕೂರಬೇಕು, ಹೊಸ ವರ್ಷದ ಮೊದಲ ಕೆಲವು ವಾರ ಇಬ್ಬರು ಟೀಚರೂ ಒಂದೇ ಕೋಣೆಯಲ್ಲಿರಬೇಕು. ಇದಕ್ಕೆ ಸೇತುವೆ ಎಂದು ಹೆಸರಿಟ್ಟಳು. ಈ ಸೇತುವೆ ಎಲ್ಲ ಶಾಲೆಗೂ ಬರಬೇಕು ಎನ್ನುವುದೊಂದೇ ಆಕೆಯ ಹಂಬಲ. ಊಟ ನಿದ್ದೆ ಎಲ್ಲ ಅದರ ಹಿಂದೆ.

ಕೇಂದ್ರದ ಮುಖ್ಯಸ್ಥರಾದ ಪ್ರೊಫೆಸರು ಮೂಗು ಮುರಿಯಲಿಲ್ಲ. ಆದರೆ ಒಂದು ಮಾತು ಹೇಳಿದರು. “ನಿಮಗೆ ಅನ್ಸಿದ್ರೆ ಸಾಲದು ಮೇಡಂ, ಸಾಬೀತಾಗ್ಬೇಕು. ಅರ್ಧ ಶಾಲೆಗಳಿಗೆ ಸೇತುವೆ ಕೊಡಿ, ಇನ್ನರ್ಧ ಇದ್ದ ಹಾಗೇ ಇರ್ಲಿ. ಆಮೇಲೆ ಹೋಲಿಸಿ ನೋಡೋಣ.” ಯಾವ ಶಾಲೆ ಯಾವ ಕಡೆ ಎನ್ನುವುದನ್ನು ಯಾರೂ ಆರಿಸಬಾರದು, ಚೀಟಿ ಎತ್ತಿಯೇ ತೀರ್ಮಾನಿಸಬೇಕು. ಎತ್ತಿದವಳು ಆಕೆಯೇ. ತಂಗಿಯ ಮಗಳು ಸೇರಲಿದ್ದ ಶಾಲೆಯ ಹೆಸರು ‘ಇದ್ದ ಹಾಗೇ’ ಎನ್ನುವ ಗುಂಪಿಗೆ ಬಿತ್ತು.

ಸಂಬಂಧಿಕರ ಮಕ್ಕಳಿದ್ದರೆ ಮೊದಲೇ ಹೇಳಬೇಕೆಂಬ ನಿಯಮವೂ ಇತ್ತು, ಆ ನಿಯಮ ಬರೆದವಳೂ ಅವಳೇ. ಹೇಳಿದರೆ ಪ್ರೊಫೆಸರು ಆ ಶಾಲೆಯನ್ನೇ ಬಿಡಿ ಎನ್ನಬಹುದು, ಇನ್ನೊಂದು ಹುಡುಕಬೇಕು, ಅದಕ್ಕೆ ಒಪ್ಪಿಗೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ರಜೆ ಶುರುವಾಗುವ ಹೊತ್ತು ಬೇರೆ. ಇಡೀ ವರ್ಷ ಕೈತಪ್ಪಿ ಹೋದರೆ? ಅಲ್ಲದೆ, ನಾನೇನು ಪಕ್ಷಪಾತ ಮಾಡುವವಳೇ ಎಂಬ ಜಂಬವೂ ಒಳಗೊಳಗೇ ಇತ್ತು. ಬಾಯಿ ಮುಚ್ಚಿಕೊಂಡು ಇದ್ದುಬಿಡುವುದೇ ಪ್ರಾಮಾಣಿಕತೆ ಎಂದು ತನಗೆ ತಾನೇ ಹೇಳಿಕೊಂಡಳು. ಓದಿದವರು ತಮಗೆ ತಾವೇ ಟೋಪಿ ಹಾಕಿಕೊಳ್ಳುವುದನ್ನು ನೋಡಬೇಕು, ಅಷ್ಟು ಅಚ್ಚುಕಟ್ಟು!

ಆ ಮಗು ಎಂಥದ್ದು ಅನ್ನುವುದನ್ನೂ ಹೇಳಬೇಕು. ಮನೆಯಲ್ಲಿ ಎಲ್ಲರೂ ಅದನ್ನು ವಟಾಣಿ ಎಂದು ಕರೆಯುತ್ತಿದ್ದರು. ಎದ್ದ ಗಳಿಗೆಯಿಂದ ಮಲಗುವವರೆಗೆ ವಟವಟ. ದೊಡ್ಡಮ್ಮ ಬಂದಳೆಂದರೆ ಚಪ್ಪಲಿ ಬಿಡಲೂ ಬಿಡದೆ ತೊಡೆ ಏರಿ, ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, “ನನ್ನೇ ನೋಡ್ತಾ ಕೇಳು” ಎಂದು ಅಪ್ಪಣೆ ಕೊಡುತ್ತಿತ್ತು. ಆಕೆಗೂ ಸ್ವಂತದ್ದೆಂದರೆ ಅದೊಂದೇ ಮಗು. ಅದರ ಮುಂದೆ ಅವಳ ಪದವಿಗಳೆಲ್ಲ ಸೊನ್ನೆ.

ಶಾಲೆ ಶುರುವಾಗುವ ಮುಂಚೆ ತಂಗಿ ಬಂದಳು. “ಅಕ್ಕಾ, ಇವಳನ್ನ ಹೇಗೆ ತಯಾರು ಮಾಡ್ಲಿ? ನೀನು ಎಲ್ರಿಗೂ ಹೇಳ್ತೀಯಲ್ಲ, ನನಗೂ ಸ್ವಲ್ಪ ಹೇಳೇ.”

“ಏನೂ ಬೇಡ, ಎಲ್ಲ ಮಕ್ಕಳೂ ಹೋಗೋ ಹಾಗೆ ಹೋಗ್ಲಿ ಬಿಡು” ಅಂದಳು ಅಕ್ಕ.

“ಒಂದು ಸಲ ಸ್ಕೂಲ್ ತೋರಿಸ್ಕೊಂಡು ಬರ್ಲಾ?”

“ಬೇಡ ಅಂದೆನಲ್ಲ!”

ತಂಗಿ ಪೆಚ್ಚಾದಳು. ಆದರೂ ಅಕ್ಕ ಹೇಳಿದ ಮೇಲೆ ಅದರಲ್ಲಿ ಏನೋ ಅರ್ಥವಿರುತ್ತದೆ ಎಂದು ನಂಬಿ ಸುಮ್ಮನಾದಳು. ಅರ್ಥವೇನೋ ಇತ್ತು. ಹೇಳಿಕೊಟ್ಟರೆ ಹೋಲಿಕೆ ಕೆಡುತ್ತದಲ್ಲ, ಅದು.

ಇನ್ನು ಆಕೆಯ ಕೆಲಸದ ರೀತಿ. ಮಕ್ಕಳು ಹೊಸ ತರಗತಿಯಲ್ಲಿ ಹೇಗಿರುತ್ತಾರೆಂದು ತಿಳಿಯಲು ವೀಕ್ಷಕರು ಕೋಣೆಯ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆಗಾಗ ಒಂದೊಂದು ಮಗುವನ್ನೇ ನೋಡಿ, ಮಾತಾಡುತ್ತಿದೆಯೇ, ಸುಮ್ಮನಿದೆಯೇ, ಅಳುತ್ತಿದೆಯೇ ಎಂದು ಗುರುತು ಹಾಕಬೇಕು. ವೀಕ್ಷಕರು ಮಾತಾಡಬಾರದು, ನಗಬಾರದು, ಮಗು ಬಂದು ಬಟ್ಟೆ ಜಗ್ಗಿದರೂ ಕಣ್ಣು ಕಾಗದದಿಂದ ಎತ್ತಬಾರದು. “ಕುರ್ಚಿ ಮೇಲೆ ಇನ್ನೊಂದು ಕುರ್ಚಿ ಕೂತ ಹಾಗಿರಿ” ಎಂದು ಆಕೆಯೇ ತರಬೇತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ತಂಗಿಯ ಮಗಳ ಶಾಲೆಗೆ ಬೇರೊಬ್ಬಳನ್ನು ಹಾಕಿದ್ದಳು. ಗ್ರಹಚಾರ, ಶಾಲೆ ಶುರುವಾದ ಮೊದಲ ವಾರವೇ ಅವಳು ಜ್ವರ ಬಂದು ಮಲಗಿದಳು. ಉಳಿದವರಿಗೆಲ್ಲ ಅವರವರ ಶಾಲೆ. ಆಕೆಯೇ ಹೋದಳು. ಹೋಗದಿರಬಹುದಿತ್ತು. ಆ ವಾರದ ಒಂದು ದಿನದ ಲೆಕ್ಕ ಖಾಲಿ ಬಿಟ್ಟಿದ್ದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ.

ಬೆಲ್ಲು ಹೊಡೆದು ಮಕ್ಕಳು ಒಳಗೆ ಬಂದವು. ಹೊಸ ಬ್ಯಾಗು, ಹೊಸ ಶೂ, ಒಂದೆರಡು ಮುಖಗಳಲ್ಲಿ ಅತ್ತ ಗುರುತು. ಸಾಲಿನ ನಡುವೆ ಬಂದ ವಟಾಣಿಯ ಬಾಯಲ್ಲೂ ಮಾತಿರಲಿಲ್ಲ. ಅತ್ತಿತ್ತ ನೋಡುತ್ತ ಬಂದ ಕಣ್ಣು ಹಿಂದಿನ ಕುರ್ಚಿಯ ಮೇಲೆ ಬಿತ್ತು. ಮುಖ ಅರಳಿದ್ದನ್ನು ಹೇಗೆ ಹೇಳುವುದು? ಅಷ್ಟೂ ಹೆದರಿಕೆ ಒಂದೇ ಗಳಿಗೆಯಲ್ಲಿ ಇಳಿದುಹೋಯಿತು.

“ದೊಡ್ಡಮ್ಮಾ!”

ಓಡಿ ಬಂದು ಮೊಣಕಾಲು ತಬ್ಬಿತು. ಆಕೆ ಕಾಗದ ನೋಡಿದಳು.

“ದೊಡ್ಡಮ್ಮಾ, ನೀನೂ ಇಲ್ಲೇ ಇರ್ತೀಯಾ? ದಿನಾ ಬರ್ತೀಯಾ?”

ಆಕೆ ಕಾಗದವನ್ನೇ ನೋಡುತ್ತಿದ್ದಳು. ಮಗು ಅಭ್ಯಾಸದಂತೆ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಲು ನೋಡಿತು. ಆಕೆ ಕತ್ತು ಬಿಗಿಹಿಡಿದಳು.

“ಏ ಪುಟ್ಟಿ, ಬಾ ಇಲ್ಲಿ, ಕೂತ್ಕೋ” ಟೀಚರ್ ಕರೆದಳು. “ಅವ್ರು ಆಫೀಸಿಂದ ಬಂದಿರೋರು. ತೊಂದ್ರೆ ಕೊಡ್ಬಾರ್ದು.”

“ಅಲ್ಲ ಮಿಸ್, ಇವ್ರು ನಮ್ಮ ದೊಡ್ಡಮ್ಮ!”

ಟೀಚರ್ ಅಷ್ಟಕ್ಕೇ ಮೆತ್ತಗಾದಳು. “ಹೌದಾ ಮೇಡಂ? ನಿಮ್ಮನೆ ಮಗುನಾ?”

ಹೌದು ಎಂದರೆ ಟೀಚರ್ ಆ ಮಗುವನ್ನು ನೋಡುವ ರೀತಿಯೇ ಬದಲಾಗುತ್ತದೆ. ಮುಂದಿನ ಬೆಂಚು, ನಗುಮುಖ, ಇಡೀ ತರಗತಿಗೇ ಒಂದು ಜಾಗ್ರತೆ. ಹೋಲಿಕೆ ಹಾಳು. ಇದೆಲ್ಲ ಆಕೆಯ ತಲೆಯಲ್ಲಿ ಮಿಂಚಿನಂತೆ ಓಡಿತು. ಆಕೆ ಇಲ್ಲವೆಂದು ತಲೆಯಾಡಿಸಿದಳು.

ಮಕ್ಕಳು ಹೋ ಎಂದು ನಕ್ಕವು. “ಸುಳ್ಳಿ! ಸುಳ್ಳಿ!” ಎಂದು ಹಿಂದಿನ ಬೆಂಚಿನಿಂದ ಯಾವುದೋ ದನಿ ಕೂಗಿತು.

“ಮೊದಲನೇ ವಾರಾನೇ ಸುಳ್ಳಾ? ದೊಡ್ಡೋರ ಮೇಲೆ ಸುಳ್ಳು ಹೇಳ್ತಾರೇನೇ?” ಟೀಚರ್ ಗದರಿ, ಬಾಗಿಲ ಪಕ್ಕ ನಿಲ್ಲಿಸಿದಳು. ಕೆಟ್ಟವಳೇನಲ್ಲ, ಕೈತುಂಬ ಮಕ್ಕಳಿದ್ದವಳು. ಎದುರಿಗೆ ಆಫೀಸಿನವರು ಬೇರೆ ಕೂತಿದ್ದಾರೆ.

ಮಗು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಗೋಡೆಗೆ ಒರಗಿ ನಿಂತು ದೊಡ್ಡಮ್ಮನನ್ನೇ ನೋಡುತ್ತಿತ್ತು, ಈಗ ನಗುತ್ತಾಳೆ, ಈಗ ತಮಾಷೆಗೆ ಅಂದೆ ಎನ್ನುತ್ತಾಳೆ ಎಂಬಂತೆ. ಸ್ವಲ್ಪ ಹೊತ್ತಾದ ಮೇಲೆ ನೋಡುವುದನ್ನೂ ಬಿಟ್ಟಿತು. ಆಕೆ ಗುರುತು ಹಾಕಿದಳು: ಸುಮ್ಮನಿದೆ. ಮತ್ತೆ ಆ ಮಗುವಿನ ಸರದಿ ಬಂದಾಗ ಹಾಕಿದಳು: ಸುಮ್ಮನಿದೆ. ಊಟದ ಬೆಲ್ಲಿಗೆ ಮುಂಚೆ ಮಗುವಿನ ಕಾಲ ಬುಡದಲ್ಲಿ ನೆಲ ಒದ್ದೆಯಾಯಿತು. ಬಚ್ಚಲು ಎಲ್ಲಿದೆಯೋ ಗೊತ್ತಿರಲಿಲ್ಲ, ಇನ್ನು ಯಾರನ್ನಾದರೂ ಏನನ್ನಾದರೂ ಕೇಳುವ ಧೈರ್ಯವೂ ಅದಕ್ಕೆ ಉಳಿದಿರಲಿಲ್ಲ. ಆಯಾ ಬಂದು ಗೊಣಗುತ್ತ ಒರೆಸಿದಳು. ಆಕೆ ಎದ್ದಳೇ? ಇಲ್ಲ. ಅದಕ್ಕೂ ಒಂದು ಗುರುತಿತ್ತು, ಹಾಕಿದಳು.

ಅಂದು ಸಂಜೆ ತಂಗಿಯ ಮನೆಗೆ ಹೋಗಬೇಕೆಂದು ಹೊರಟು ಅರ್ಧ ದಾರಿಯಿಂದ ವಾಪಸು ಬಂದಳು. ಅಧ್ಯಯನ ಮುಗಿಯಲಿ, ಆಮೇಲೆ ಕೂರಿಸಿಕೊಂಡು ಎಲ್ಲ ಹೇಳಿದರಾಯಿತು, ಮಕ್ಕಳು ಬೇಗ ಮರೆಯುತ್ತವೆ ಎಂದುಕೊಂಡಳು. ಮಕ್ಕಳು ಮರೆಯುವುದಿಲ್ಲ ಎಂದು ಊರಿಗೆಲ್ಲ ಭಾಷಣ ಮಾಡುತ್ತಿದ್ದವಳು ಇವಳೇ!

ತಂಗಿಯ ಫೋನುಗಳು ಶುರುವಾದವು. “ಅಕ್ಕಾ, ಸ್ಕೂಲಲ್ಲಿ ಬಾಯೇ ಬಿಡಲ್ವಂತೆ. ಮನೇಲೂ ಕೇಳಿದ್ದಕ್ಕಷ್ಟೇ ಮಾತು. ಸುಳ್ಳು ಹೇಳೋ ಚಾಳಿ ಇದೆ ಅಂತಾರೆ ಆ ಟೀಚರ್, ನನ್ನ ಮಗಳಿಗೆ! ಒಂದ್ಸಲ ಬಂದು ನೋಡೇ. ನೀನಲ್ದೆ ಇನ್ಯಾರನ್ನ ಕೇಳ್ಲಿ ನಾನು?”

“ಹೊಸ ಜಾಗ ಅಲ್ವಾ, ಹೊಂದ್ಕೊಳ್ತಾಳೆ. ಈಗ ಕೈತುಂಬ ಕೆಲ್ಸ, ಆಮೇಲೆ ಬರ್ತೀನಿ.” ಪ್ರತಿ ಸಲವೂ ಇದೇ ಉತ್ತರ.

ಅಧ್ಯಯನ ಗೆದ್ದಿತು. ಸೇತುವೆ ಇದ್ದ ಶಾಲೆಗಳ ಮಕ್ಕಳು ಹೆಚ್ಚು ಮಾತಾಡಿದರು, ಕಡಿಮೆ ಅತ್ತರು, ಶಾಲೆ ತಪ್ಪಿಸುವುದೂ ಕಡಿಮೆಯಾಯಿತು. ಮುಂದಿನ ವರ್ಷದಿಂದ ಎಲ್ಲ ಶಾಲೆಗಳಲ್ಲೂ ಇದನ್ನೇ ಮಾಡಬೇಕೆಂದು ಮೇಲಿನವರು ಒಪ್ಪಿದರು. ಪ್ರೊಫೆಸರು ಎಲ್ಲರೆದುರು ಆಕೆಯ ಬೆನ್ನು ತಟ್ಟಿದರು. ಆಕೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ, ಇದ್ದದ್ದನ್ನೆಲ್ಲ ಹೇಳಿದಳು.

ಪ್ರೊಫೆಸರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಅಲ್ಲ ಮೇಡಂ, ಮೊದಲ್ನೇ ದಿನಾನೇ ಒಂದು ಮಾತು ಹೇಳೋದಲ್ವಾ? ಆ ಮಗು ಒಂದನ್ನ ಲೆಕ್ಕದಿಂದ ಕೈಬಿಟ್ಟು, ಆ ಶಾಲೆಗೆ ನೀವು ಹೋಗ್ದಿದ್ರೆ ಆಗ್ತಿತ್ತು. ಶಾಲೆ ಬದಲಾಯಿಸೋದೂ ಬೇಕಿರ್ಲಿಲ್ಲ.”

“ಅಷ್ಟೇನಾ?”

“ಅಷ್ಟೇ. ಈಗ್ಲೂ ಅಷ್ಟೇ, ತೆಗೆದುಬಿಡಿ.”

ಆಕೆಯೇ ಕೂತು ಆ ಮಗುವಿನ ಸಾಲನ್ನು ಅಳಿಸಿದಳು. ಮತ್ತೆ ಲೆಕ್ಕ ಹಾಕಿ ನೋಡಿದಳು. ಫಲಿತಾಂಶ ಒಂದಿಷ್ಟೂ ಅಲುಗಲಿಲ್ಲ. ಬಾಗಿಲ ಪಕ್ಕ ನಿಂತದ್ದು, ಒದ್ದೆ ನೆಲ, ಆಮೇಲಿನ ಅಷ್ಟು ತಿಂಗಳ ಮೌನ, ಯಾವುದೂ ಯಾವುದಕ್ಕೂ ಬೇಕಾಗಿರಲಿಲ್ಲ.

ಅಲ್ಲಿಂದ ನೇರ ತಂಗಿಯ ಮನೆಗೆ ಹೋದಳು. ಅಡುಗೆಮನೆಯಲ್ಲಿ ನಿಂತೇ ಹೇಳಿದಳು. ತಂಗಿ ಒಲೆ ಆರಿಸಿ, ಪೂರ್ತಿ ಕೇಳಿಸಿಕೊಂಡಳು. ಕೂಗಾಡಲಿಲ್ಲ.

“ನಾನು ಅವಳನ್ನ ಹೊಡ್ದಿದೀನಿ ಅಕ್ಕಾ” ಅಂದಳು. “ದೊಡ್ಡಮ್ಮ ಸ್ಕೂಲಿಗೆ ಬಂದಿದ್ಲು ಅಂತ ಅವತ್ತು ಹೇಳಿದ್ಳು. ಬಂದಿದ್ರೆ ನನಗೆ ಹೇಳ್ದೆ ಇರ್ತಾಳಾ ನಿನ್ನ ದೊಡ್ಡಮ್ಮ, ಮನೇಲೂ ಸುಳ್ಳು ಶುರು ಮಾಡಿದ್ಯಾ ಅಂತ ಹೊಡ್ದೆ.”

ಆಕೆ ಮಗುವನ್ನು ಹುಡುಕಿಕೊಂಡು ಕೋಣೆಗೆ ಹೋದಳು. ಮಗು ಕಿಟಕಿಯ ಹತ್ತಿರ ಕೂತು ಕಾಪಿ ಬರೆಯುತ್ತಿತ್ತು. ಆಕೆಯನ್ನು ಕಂಡು ಎದ್ದು ನಿಂತು ಕೈಕಟ್ಟಿಕೊಂಡಿತು, ಶಾಲೆಯಲ್ಲಿ ದೊಡ್ಡವರು ಬಂದರೆ ನಿಲ್ಲುವ ಹಾಗೆ. ಆಕೆ ನೆಲದ ಮೇಲೆ ಕೂತು ಬಾಯಿ ತೆರೆಯುವ ಮೊದಲೇ ಅದು ಹೇಳಿತು:

“ಸಾರಿ. ಅವತ್ತು ನಾನು ಮಿಸ್ ಹತ್ರ ಸುಳ್ಳು ಹೇಳಿದೆ. ಇನ್ನ್ಯಾವತ್ತೂ ಹೇಳಲ್ಲ.”

“ಇಲ್ಲ ಚಿನ್ನ, ನೀನು ಹೇಳಿದ್ದು ನಿಜ. ನಾನೇ ಸುಳ್ಳು ಹೇಳಿದ್ದು. ನಾನು ಕಣೇ, ನಿನ್ನ ದೊಡ್ಡಮ್ಮ!” ಆಕೆ ಮಗುವಿನ ಕೈ ಹಿಡಿಯಲು ಹೋದಳು.

ಮಗು ಆಕೆಯನ್ನು ನೋಡಿತು, ಬಾಗಿಲಲ್ಲಿ ನಿಂತ ಅಮ್ಮನನ್ನು ನೋಡಿತು. ಇದು ಇನ್ನೊಂದು ಪರೀಕ್ಷೆಯಿರಬೇಕು, ಈ ಸಲ ತಪ್ಪಬಾರದು ಎಂಬಂತೆ ಕೈಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿತು.

“ದೊಡ್ಡೋರು ಸುಳ್ಳು ಹೇಳಲ್ಲ” ಅಂದಿತು. “ಮಿಸ್ ಹೇಳ್ಕೊಟ್ಟಿದ್ದಾರೆ.”