ಭಾವನ ಉಡಿದಾರ

ನಮ್ಮ ಭಾವ ತಿಪ್ಪೇರುದ್ರಪ್ಪನಿಗೆ ದೇವರ ಮೇಲೆ ಇದ್ದಷ್ಟೇ ನಂಬಿಕೆ ತಕ್ಕಡಿಯ ಮೇಲೂ ಇತ್ತು. ಹೊಸದುರ್ಗದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕೊಬ್ಬರಿ ತೂಗಿದ ಮನುಷ್ಯ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಗುಡಾಣ. ಅದರ ಕೆಳಗೆ ಕರಿ ಉಡಿದಾರ. ಆ ಹೊಟ್ಟೆಯನ್ನು ನಾವೆಲ್ಲ ಎಷ್ಟು ಆಡಿಕೊಂಡಿದ್ದೆವೋ ಲೆಕ್ಕವಿಲ್ಲ. ನಮ್ಮಕ್ಕ ಮಹಾದೇವಿಯ ಕೈರುಚಿಗೆ ಇದೇ ಸಾಕ್ಷಿ ಎಂದು ಭಾವ ಅದನ್ನು ಸವರಿಕೊಂಡು ನಗುತ್ತಿದ್ದ.

ದೊಡ್ಡ ಕರುಳಿನಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಆ ನಗು ನಿಂತಿತು. ಚಿತ್ರದುರ್ಗದ ಡಾಕ್ಟರ್ ಅನುಪಮಾ ಸ್ಕ್ಯಾನ್ ಹಿಡಿದು ತೋರಿಸಿದರು. ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳಿನ ಸುತ್ತ ತುಂಬಿಕೊಂಡಿರುವ ಕೊಬ್ಬೇ ಅಪಾಯವಂತೆ. ಅದು ಹೆಚ್ಚಿದ್ದರೆ ಆಪರೇಷನ್ ಕಷ್ಟ, ಗಾಯ ಕೀವಾಗಬಹುದು, ಕತ್ತರಿಸಿ ಹೊಲಿದ ಕರುಳು ಒಳಗೇ ಸೋರಲೂಬಹುದು. ಸೋರಿದರೆ ಜೀವಕ್ಕೇ ಬರುತ್ತದೆ ಎಂದೂ ಮುಚ್ಚಿಡದೆ ಹೇಳಿದರು. ಮೂರು ವಾರ ಸಮಯವಿದೆ, ದಿನಾ ನಡೆಯಿರಿ, ಎಣ್ಣೆ ಸಿಹಿ ಬಿಡಿ, ಆದರೆ ಬೇಳೆ ಕಾಳು ಹಾಲು ಬಿಡಬೇಡಿ ಎಂದರು.

ಭಾವ ಕೇಳಿಸಿಕೊಂಡಿದ್ದು ಒಂದೇ, ಇಳಿಸಬೇಕು ಎನ್ನುವುದು. ನಡೆಯಲು ನಾಚಿಕೆ. ಊರೆಲ್ಲ ಏನಾಯ್ತೆಂದು ಕೇಳುತ್ತದಲ್ಲ! ಹಾಗಾಗಿ ಊಟ ಬಿಟ್ಟ. ಅಕ್ಕ ಬೇಯಿಸಿದ ಹೆಸರುಕಾಳು ದನದ ಕಲಗಚ್ಚಿನ ಬಾನಿಗೆ ಹೋಯಿತು. ದಿನಾ ಬೆಳಗ್ಗೆ ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ತಾನೇ ನಿಂತು, ಅರ್ಧ ಕೆಜಿ ಇಳಿದರೂ ನನಗೆ ಫೋನು ಮಾಡುತ್ತಿದ್ದ. ನಾನು ಭೇಷ್ ಎನ್ನುತ್ತಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮೂರು ವಾರದ ನಂತರ ಡಾಕ್ಟರ ಮುಂದೆ ಎದೆ ಸೆಟೆಸಿ, "ಐದು ಕೆಜಿ ಇಳ್ದೈತೆ ಮೇಡಂ" ಎಂದ.

ಅವರು ತಕ್ಕಡಿಯ ಮಾತೇ ಎತ್ತಲಿಲ್ಲ, ಟೇಪು ತಂದು ಸೊಂಟ ಅಳೆದರು. ಎರಡು ಬೆರಳೂ ಇಳಿದಿರಲಿಲ್ಲ. ಕರಗಿದ್ದು ತೋಳು, ತೊಡೆ, ಗಾಯ ಮಾಯಿಸಬೇಕಿದ್ದ ಶಕ್ತಿ. ಇನ್ನು ತಡ ಮಾಡಿದರೆ ಗಡ್ಡೆ ಕಾಯುವುದಿಲ್ಲ ಎಂದರು. ಭಾವನ ಮುಖ ನೋಡಲಾಗಲಿಲ್ಲ ನನಗೆ.

ಆಪರೇಷನ್ ದಿನ ನರ್ಸ್ ಉಡಿದಾರ ಕತ್ತರಿಸಬೇಕೆಂದಳು. ನಮ್ಮ ಕಡೆ ಗಂಡಸಿನ ಉಡಿದಾರಕ್ಕೆ ಕತ್ತರಿ ಬೀಳುವುದು ಅವನು ಸತ್ತ ಮೇಲೆ. ಭಾವ ಹಟ ಹಿಡಿದ. ಕೊನೆಗೆ ಅಕ್ಕ ಉಗುರಿನಿಂದ ಗಂಟು ಬಿಡಿಸಿ, ದಾರವನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು. ಆಪರೇಷನ್ ಮುಗಿದ ಮಾರನೆಯ ದಿನ ಯಾರಿಗೂ ಕಾಣದಂತೆ, ಹೊದಿಕೆಯ ಕೆಳಗೆ ಕೈಯಾಡಿಸಿ, ಗಾಯದ ಪಟ್ಟಿಗೆ ತಾಗದ ಹಾಗೆ ಮತ್ತೆ ಕಟ್ಟಿದಳು. ಎರಡು ಬೆರಳು ಆಡುವಷ್ಟು ಸಡಿಲ.

ನಾಲ್ಕನೆಯ ದಿನ ನೋಡಲು ಬಂದ ಬೀಗರು, ಪರವಾಗಿಲ್ಲ, ಹೊಟ್ಟೆ ಮತ್ತೆ ತುಂಬಿಕೊಂಡಿದೆ ಎಂದು ಸಂತೋಷಪಟ್ಟರು. ನನಗೂ ಹಾಗೇ ಕಂಡಿತು. ಅಕ್ಕ ಹೊದಿಕೆಯೊಳಗೆ ಕೈ ಹಾಕಿದಳು. ದಾರದಡಿ ಬೆರಳಿರಲಿ, ಉಗುರೂ ತೂರಲಿಲ್ಲ. ಭಾವನ ಮೈ ಕೆಂಡದಂತಿತ್ತು. ನರ್ಸ್ ಗ್ಯಾಸ್ ಇರಬೇಕು ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ನಾನೇ ಕಟ್ಟಿದ್ದು ಕಣಮ್ಮ. ದಾರ ಬಿಗೀತಾ ಐತೆ. ಡಾಕ್ಟ್ರನ್ನ ಕರೀರಿ."

ಡಾಕ್ಟರ್ ಅನುಪಮಾ ಬಂದವರೇ ಹೊಟ್ಟೆ ಮುಟ್ಟಿ, ಹೊಲಿದ ಜಾಗ ಸೋರುತ್ತಿರಬೇಕು, ಈಗಲೇ ಮತ್ತೆ ತೆರೆಯಬೇಕು ಎಂದರು. ಉಳಿಯುವ ಭರವಸೆ ಕೊಡಲಿಲ್ಲ.

ಗಂಟು ಉಬ್ಬಿದ ಮಾಂಸದಲ್ಲಿ ಹೂತುಹೋಗಿತ್ತು. ಅಕ್ಕನ ಉಗುರಿಗೂ ಸಿಗಲಿಲ್ಲ. ನರ್ಸ್ ಕತ್ತರಿ ತಂದಳು. ಭಾವ ಕಣ್ಣು ತೆರೆದು ಅದನ್ನು ನೋಡಿದ.

"ಬಿಚ್ಚೇ ಮಾದೇವಿ. ಕತ್ತರಿಸ್ಬ್ಯಾಡ."

ಅಕ್ಕ ನರ್ಸ್ ಕೈಯಿಂದ ಕತ್ತರಿ ಕಿತ್ತುಕೊಂಡು, ತಾನೇ ಕತ್ತರಿಸಿದಳು. ಭಾವ ಗೋಡೆಯ ಕಡೆ ಮುಖ ತಿರುಗಿಸಿದ.

ಸ್ಟ್ರೆಚರ್ ಒಳಗೆ ಹೋಗಿ ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಅಕ್ಕ ಆ ದಾರದ ಎರಡು ತುದಿ ಸೇರಿಸಿ ಗಂಟು ಹಾಕುತ್ತ ಕುಳಿತಳು. ಹಳೆಯ ದಾರ, ಎಳೆದಾಗಲೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಅವಳು ಮತ್ತೆ ಹಾಕುತ್ತಿದ್ದಳು.